ಒಣಗುತ್ತಿದ್ದ ದೋಣಿ

ಮದುವೆಗೆ ಮುಂಚೆ ಚರ್ಚಿನಲ್ಲಿ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಮೂರನೆಯ ಭಾನುವಾರ ಪಾದ್ರಿಗಳು ಅಣ್ಣನ ಮದುವೆಯ ಪ್ರಕಟಣೆ ಓದಲು ಎದ್ದಾಗ ನಾನು ಬೆಂಚಿನ ತುದಿಗೆ ಸರಿದೆ.

ಮದುಮಗಳು ನರ್ಸಮ್ಮ. ಉಗಿಹಡಗು ತಿಂಗಳಿಗೊಮ್ಮೆ ಬರುತ್ತಿದ್ದ ಆ ಕಾಲದಲ್ಲಿ ಬೈಬಲು, ಔಷಧಿ ಪೆಟ್ಟಿಗೆ ಹಿಡಿದು ಎರಡು ಸಮುದ್ರ ದಾಟಿ ಒಬ್ಬಳೇ ಬಂದಿಳಿದವಳು. ನಮ್ಮ ಮನೆಯ ಅಟ್ಟದ ಕೋಣೆಯಲ್ಲಿದ್ದಳು. ನಮ್ಮ ಮಾತು ಕಲಿಯಲು ಅವಳಿಗೆ ಒಂದು ವರ್ಷ ಹಿಡಿಯಿತು. ದೋಣಿಯ ಹುಟ್ಟು ಹಾಕಲು ಒಂದೇ ವಾರ ಸಾಕಾಯಿತು. ತನ್ನ ಪುಟ್ಟ ದೋಣಿಯಲ್ಲಿ ದ್ವೀಪಗಳಿಗೆ ಹೋಗಿ ಬಾಣಂತಿಯರನ್ನು, ಜ್ವರದವರನ್ನು ನೋಡಿ ಬರುತ್ತಿದ್ದಳು. ಅಮ್ಮ ಹೆದರಿಸಿದರೆ, "ಪ್ರಾರ್ಥನೆ ಮಾಡ್ಕೊಂಡೇ ಹೊರಡ್ತೀನಮ್ಮಾ. ಈಜೂ ಬರುತ್ತೆ," ಎನ್ನುತ್ತಿದ್ದಳು.

ಅಣ್ಣ ದೋಣಿ ಬಡಗಿ. ಮದುವೆ ಗೊತ್ತಾದ ಮೇಲೆ, ಒಂದು ಹಲಗೆ ಬದಲಿಸಬೇಕೆಂದು ಅವಳ ದೋಣಿಯನ್ನು ದಡಕ್ಕೆಳೆದ. ಎಂಟು ದಿನ ಎಂದವನು ತಿಂಗಳು ಮಾಡಿದ.

ಶಾಲೆ ಬಿಟ್ಟಂದಿನಿಂದ ನಾನು ಅವನ ಬಳಿ ಹಲಗೆಯ ಸಂದಿಗೆ ತುರುಕುವ ಹತ್ತಿ ಹೊಸೆಯುತ್ತಿದ್ದೆ. ಹಲಗೆಯ ಕೆಲಸ ಎಂದೋ ಮುಗಿದಿತ್ತು. ದೋಣಿ ಮಾತ್ರ ಬಿಸಿಲಲ್ಲೇ ಇತ್ತು. ಮರದ ದೋಣಿ ನೀರು ಬಿಟ್ಟರೆ ಹಲಗೆ ಕುಗ್ಗಿ ಸಂದು ಬಾಯಿಬಿಡುತ್ತದೆ. ಅದಕ್ಕೇ ಒದ್ದೆ ಗೋಣಿ ಹೊದಿಸಬೇಕು. ಇದು ಅಣ್ಣನೇ ನನಗೆ ಕಲಿಸಿದ ಮೊದಲ ಪಾಠ. ಈ ದೋಣಿಗೆ ಗೋಣಿ ಇರಲಿಲ್ಲ. ಮೊದಲ ಭಾನುವಾರ ಸಂದಿನಲ್ಲಿ ನನ್ನ ಉಗುರು ಹೋಗುತ್ತಿತ್ತು. ಈ ಬೆಳಿಗ್ಗೆ ತಲೆ ಬಾಚುತ್ತಾ ಹೋಗಿ ನೋಡಿದರೆ ಬಾಚಣಿಗೆಯೇ ಸಲೀಸಾಗಿ ಹೋಯಿತು.

"ಈ ಮದುವೆಗೆ ಅಡ್ಡಿ ಏನಾದ್ರೂ ಗೊತ್ತಿದ್ದೋರು ಈಗಲೇ ಹೇಳಿ," ಎಂದರು ಪಾದ್ರಿಗಳು.

ಎದ್ದು ನಿಂತೆ. ಅಮ್ಮ ತೋಳು ಹಿಡಿದೆಳೆದಳು. "ಕೂತ್ಕೊಳ್ಳೇ! ಊಟಕ್ಕೆ ಉಪ್ಪು ಕೇಳೋಕೂ ನಾಚ್ಕೊಳ್ಳೋಳು, ಇಲ್ಲೇನೇ ನಿಂದು?"

"ದೋಣಿ... ನರ್ಸಮ್ಮನ ದೋಣಿ ಒಣಗ್ತಾ ಇದೆ," ಎಂದೆ.

ಚರ್ಚಿಗೆ ಚರ್ಚೇ ಘೊಳ್ಳೆಂದು ನಕ್ಕಿತು. ನಗದವರು ಇಬ್ಬರೇ: ನರ್ಸಮ್ಮ, ಅಣ್ಣ. ಅಣ್ಣ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

"ಬೇಕು ಅಂತಾನೇ ಒಣಗಿಸಿದ್ರಾ?" ನರ್ಸಮ್ಮ ಅವನತ್ತ ತಿರುಗಿ ಕೇಳಿದಳು.

"ಭಯ ಆಯ್ತು. ನೀವು ಹೋದಾಗೆಲ್ಲ ಉಳಿ ಕೈಯಲ್ಲಿರುತ್ತೆ, ಕಣ್ಣು ನೀರಿನ ಮೇಲಿರುತ್ತೆ. ಹೋಗ್ಬೇಡಿ ಅಂದ್ರೆ ಕೇಳಲ್ಲ ಅಂತ..."

"ಕೇಳ್ತಿರಲಿಲ್ಲ, ನಿಜ. ಭಯ ಆಗುತ್ತೆ ಅಂದಿದ್ರೆ ಕೇಳ್ತಿದ್ದೆ," ಎಂದಳು ನರ್ಸಮ್ಮ. "ಮದುವೆ ಆಗೋಣ. ಆದ್ರೆ ದೋಣಿ ತೇಲಿದ ಮೇಲೆ. ಅಷ್ಟು ಭಯ ಇದ್ರೆ ಜೊತೆಗೆ ಬಂದು ಹುಟ್ಟು ಹಾಕಿ."

ಪಾದ್ರಿಗಳು ಕನ್ನಡಕ ತೆಗೆದರು. "ಹಾಗಾದ್ರೆ ಇದನ್ನ ಅಡ್ಡಿ ಅಂತ ಬರ್ಕೊಳ್ಳಲಾ, ಬೇಡ್ವಾ?"

"ಬರ್ಕೊಳ್ಳಿ. ತೇಲಿದ ದಿನ ನಾನೇ ಬಂದು ಹೊಡೆದುಹಾಕಿಸ್ತೀನಿ," ಎಂದ ಅಣ್ಣ.

ಚರ್ಚಿನ ಬಟ್ಟೆಯಲ್ಲೇ ಬಕೆಟ್ ಹಿಡಿದ. ಹಲಗೆ ಉಬ್ಬಿ ಸಂದು ಮುಚ್ಚಲೆಂದು ದೋಣಿಯ ತುಂಬ ನೀರು ಹೊಯ್ದೆವು. ಮೊದಲ ದಿನ ಅದು ಜರಡಿ. ನಾಲ್ಕನೆಯ ದಿನಕ್ಕೆ ಅಲ್ಲಲ್ಲಿ ಹನಿ. ಬಿಗಿಯದ ಸಂದುಗಳಿಗೆ ನಾನು ಹತ್ತಿ ತುರುಕಿದೆ, ಅಣ್ಣ ಡಾಂಬರು ಬಳಿದ. ಒಂಬತ್ತನೆಯ ದಿನ ದೋಣಿ ತೇಲಿತು.

"ಬಾಯಿ ಬಿಡದೋಳು ಬಾಯಿ ಬಿಟ್ಲು, ಮನೆಮಂದಿಯೆಲ್ಲ ನೀರು ಹೊತ್ತಿದ್ದೇ ಹೊತ್ತಿದ್ದು," ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಮದುವೆಯ ಮರುದಿನ ಅಣ್ಣ ಅತ್ತಿಗೆ ಇಬ್ಬರೂ ದ್ವೀಪಕ್ಕೆ ಹೊರಟರು. ಹುಟ್ಟು ಅಣ್ಣನ ಕೈಯಲ್ಲಿತ್ತು. ದೋಣಿ ಇದ್ದಲ್ಲೇ ಒಂದು ಸುತ್ತು ಸುತ್ತಿತು.

"ಬಡಗಿಗಳೇ, ದೋಣಿ ಮಾಡೋದು ಬೇರೆ, ನಡೆಸೋದು ಬೇರೆ!" ಅತ್ತಿಗೆಯ ನಗು ದಡದವರೆಗೂ ಕೇಳಿಸಿತು.

ನಾನು ಒದ್ದೆ ಗೋಣಿಗಳನ್ನು ಮಡಿಸಿಟ್ಟೆ. ಸಂಜೆ ದೋಣಿ ದಡಕ್ಕೆ ಬಂದಾಗ ಬೇಕಾಗುತ್ತವೆ.