ನೂರಕ್ಕೆ ಹನ್ನೆರಡು

ಮತ್ತೆ ಹನ್ನೆರಡೇ ಬಂತು. ಹೃದಯದ ಸರ್ಜನ್ ಗುರುರಾಜ್ ರೋಗಿಯ ವಿವರವನ್ನೆಲ್ಲ ಇನ್ನೊಮ್ಮೆ ಕಂಪ್ಯೂಟರಿಗೆ ತುಂಬಿಸಿದ್ದ. ವಯಸ್ಸು ಅರವತ್ತೆಂಟು. ಸಕ್ಕರೆ ಕಾಯಿಲೆ, ಸೊರಗಿದ ಕಿಡ್ನಿ, ಕಟ್ಟಿಕೊಂಡ ಮೂರು ರಕ್ತನಾಳ. ಬೈಪಾಸ್ ಮಾಡಿದರೆ ಇಂಥ ನೂರು ಜನರಲ್ಲಿ ಹನ್ನೆರಡು ಮಂದಿ ಮನೆಗೆ ಮರಳುವುದಿಲ್ಲ.

ಮಾಡದಿದ್ದರೆ ಎಷ್ಟು ಮಂದಿ ಎಂಬುದೂ ಅವನಿಗೆ ಗೊತ್ತಿತ್ತು. ಅದು ಹನ್ನೆರಡಕ್ಕಿಂತ ಬಹಳ ಹೆಚ್ಚು. ಆದರೆ ಅವರು ತಮ್ಮ ತಮ್ಮ ಊರಲ್ಲಿ ಸಾಯುತ್ತಾರೆ; ಯಾವ ಸರ್ಜನ್ನನ ಹೆಸರಿಗೂ ಅಂಟುವುದಿಲ್ಲ.

ಎರಡು ವರ್ಷದ ಹಿಂದೆ ಮಹಾದೇವಮ್ಮ ಎಂಬಾಕೆ ಅವನು ಆಪರೇಷನ್ ಮಾಡುತ್ತಿರುವಾಗಲೇ ತೀರಿಕೊಂಡಿದ್ದಳು. ಆಮೇಲೆ ನೂರ ಹದಿನಾಲ್ಕು ಆಪರೇಷನ್, ಒಂದೂ ಸಾವಿಲ್ಲ. ದುರ್ಗದಲ್ಲೆಲ್ಲ ಅವನ ಹೆಸರು. ಅವನ ಕೌಶಲವೇನೂ ಹೆಚ್ಚಿರಲಿಲ್ಲ, ಬದುಕುವಂಥ ರೋಗಿಗಳನ್ನೇ ಆರಿಸಿಕೊಳ್ಳುವುದನ್ನು ಕಲಿತಿದ್ದ.

ಎದುರಿಗೆ ಹಿರೇಗುಂಟನೂರಿನ ಕುರಿಗಾಹಿ ಚಿತ್ತಯ್ಯ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಕೆಂಚಕ್ಕ.

“ಆಪರೇಷನ್ ಬೇಡ,” ಎಂದ ಗುರುರಾಜ್. “ಮಾತ್ರೆ ಬರೆದುಕೊಡ್ತೀನಿ.”

ಚಿತ್ತಯ್ಯನ ಮುಖ ಅರಳಿತು. “ಹಂಗಾರೆ ಕುಯ್ಯಂಥದ್ದೇನೂ ಇಲ್ಲ ಅನ್ರಿ.”

“ಭಾರ ಎತ್ತಬೇಡಿ. ಓಡಬೇಡಿ.”

“ಕುರಿ ಓಡಿದ್ರೆ ಏನ್ ಮಾಡ್ಲಿ ಸ್ವಾಮಿ?”

ನಗುತ್ತಲೇ ಎದ್ದು ಹೋದ. ಬಾಗಿಲಾಚೆ ಫೋನಿನಲ್ಲಿ ಮಗಳಿಗೆ ಹೇಳುವುದು ಕೇಳಿಸಿತು: “ದೊಡ್ಡ ಡಾಕ್ಟ್ರೇ ನೋಡಿದ್ರು ಕಣವ್ವ. ಏನೂ ಇಲ್ವಂತೆ.”

ಆ ಮಾತನ್ನು ತಿದ್ದಬಹುದಿತ್ತು. ಗುರುರಾಜ್ ಪೆನ್ನಿನ ಮುಚ್ಚಳ ತೆಗೆದು ಮಾತ್ರೆಯ ಚೀಟಿ ಬರೆದ.

ಕೆಂಚಕ್ಕ ಇನ್ನೂ ಎದ್ದಿರಲಿಲ್ಲ. “ಆವಯ್ಯಂಗೆ ಆಪರೇಷನ್ ಬ್ಯಾಡ್ವಾ, ಇಲ್ಲ ನೀವು ಮಾಡಲ್ವಾ?”

“ರಿಸ್ಕ್ ಜಾಸ್ತಿ ಅಮ್ಮ.”

“ಯಾರಿಗ್ರಿ?”

ಸರಿಯಾಗಿಯೇ ಬರೆದಿದ್ದ ಮಾತ್ರೆಯ ಹೆಸರನ್ನು ಅವನು ಮತ್ತೆ ತಿದ್ದಿ ಬರೆದ. “ತಿಂಗಳು ಬಿಟ್ಟು ಬನ್ನಿ.”

“ಇದ್ರೆ ಬರ್ತೀವಿ,” ಎಂದು ಆಕೆ ಚೀಟಿ ಮಡಿಸಿಕೊಂಡು ಹೊರಟಳು.

ಮುಂದಿನ ರೋಗಿಯ ಫೈಲು ಮೇಜಿನ ಮೇಲಿತ್ತು. ಐವತ್ತು ವರ್ಷ, ಕಿಡ್ನಿ ಚೆನ್ನಾಗಿದೆ, ನೂರಕ್ಕೆ ಒಂದು. ಅದನ್ನು ತೆರೆಯದೆ ಗುರುರಾಜ್ ಕಿಟಕಿಗೆ ಬಂದು ನಿಂತ.

ಮೂರು ಮಹಡಿ ಕೆಳಗೆ, ಹಿರೇಗುಂಟನೂರಿನ ಬಸ್ಸು ಹೊರಡುತ್ತಿತ್ತು. ಚಿತ್ತಯ್ಯ ಓಡಿದ. ಅರ್ಧ ದಾರಿಯಲ್ಲಿ ಎದೆ ಹಿಡಿದು ನಿಂತ. ಬಸ್ಸು ನಿಧಾನವಾಯಿತು. ಕಂಡಕ್ಟರ್ ಫುಟ್‌ಬೋರ್ಡಿನಿಂದ ಬಗ್ಗಿ, ಯಾರು ಏನು ಎಂದು ಕೇಳದೆ, ರಟ್ಟೆ ಹಿಡಿದು ಮುದುಕನನ್ನು ಮೇಲಕ್ಕೆಳೆದುಕೊಂಡ. ಕೆಂಚಕ್ಕ ಹಿಂದಿನಿಂದ ನೂಕಿ ತಾನೂ ಹತ್ತಿದಳು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಗುರುರಾಜ್ ತನ್ನ ಬಲಗೈಯನ್ನು ನೋಡಿದ. ಅದು ಯಾವಾಗಲೋ ಮುಂದಕ್ಕೆ ಚಾಚಿ, ಎಂದೂ ತೆರೆಯದ ಆ ಕಿಟಕಿಯ ಗಾಜಿಗೆ ಒತ್ತಿಕೊಂಡು ನಿಂತಿತ್ತು.