ಬಸುರಿ ಇರುವ ಮನೆಗೆ ಸುತ್ತಿಗೆ

ಬೆಳಗ್ಗೆ ಎದ್ದೊಡನೆ ಸುಮನಾ ಮಾಡುತ್ತಿದ್ದ ಮೊದಲ ಕೆಲಸ ತಲೆ ಎತ್ತಿ ತೊಲೆ ನೋಡುವುದು. ಗೆದ್ದಲು ತಿಂದ ತೊಲೆಯಿಂದ ಉದುರಿದ ಪುಡಿ ಹಾಸಿಗೆಯ ಮೇಲೆ, ತಪ್ಪಲೆಯ ಮುಚ್ಚಳದ ಮೇಲೆ, ಗಂಡ ಉದಯಕುಮಾರನ ಕೂದಲಲ್ಲಿ. ಗುಡಿಸಿ ಮೊರಕ್ಕೆ ತುಂಬುವಾಗ ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ಕಣ್ಣಲ್ಲೇ ಅಳೆಯುವಳು. ಯಾವತ್ತೂ ಹೆಚ್ಚೇ. ಏಳು ತಿಂಗಳ ಬಸುರಿ. ಕೂತರೆ ಕೂರಲಾಗದು, ಮಲಗಿದರೆ ಕಣ್ಣು ಮುಚ್ಚಲಾಗದು. ಹೊಟ್ಟೆಯ ಮೇಲೆ ಕೈ ಅಡ್ಡ ಇಟ್ಟುಕೊಂಡೇ ಮಲಗುತ್ತಿದ್ದಳು, ಆ ಕೈ ತೊಲೆಯನ್ನು ತಡೆದೀತೆಂಬಂತೆ.

ಗುಬ್ಬಿಯ ತೆಂಗಿನಕಾಯಿ ಮಂಡಿಯ ಹಿಂದೆ ಹತ್ತು ಬಾಡಿಗೆ ಮನೆಗಳ ಸಾಲು ಅದು. ಹತ್ತಕ್ಕೂ ಸೇರಿ ಒಂದೇ ಹೆಂಚಿನ ಮಾಡು. ಇದ್ದವರೆಲ್ಲ ಕಾಯಿ ಸುಲಿಯುವವರು, ಮೂಟೆ ಹೊರುವವರು, ಹೂ ಕಟ್ಟುವವರು, ಬೇರೆಲ್ಲಿಗೆ ಹೋದಾರು? ಇಂಥ ಬಡವರ ಬಾಡಿಗೆ ಮನೆಗಳನ್ನು ರಿಪೇರಿ ಮಾಡಿಸಿಕೊಡಲು ಪಟ್ಟಣ ಪಂಚಾಯಿತಿಯವರು ಒಂದು ಯೋಜನೆ ತಂದಿದ್ದರು. ಖರ್ಚು ಪಂಚಾಯಿತಿಯದು. ಮಾಲೀಕರು ಐದು ವರ್ಷ ಬಾಡಿಗೆ ಏರಿಸುವಂತಿಲ್ಲ, ಯಾರನ್ನೂ ಬಿಡಿಸುವಂತಿಲ್ಲ. ಕೆಲಸ ಮುಗಿಯುವ ತನಕ ಎಲ್ಲರೂ ಸಮುದಾಯ ಭವನದಲ್ಲಿದ್ದರಾಯಿತು. ಒಂದೇ ಮಾಡಾದ್ದರಿಂದ ಹತ್ತೂ ಮನೆಯವರು ಒಪ್ಪಿ ಸಹಿ ಹಾಕಬೇಕು, ಅಷ್ಟೇ. ಉಳಿದ ಒಂಬತ್ತು ಮನೆಯವರು, ಮಾಲೀಕರು ಕೂಡ ಸಹಿ ಹಾಕಿಬಿಟ್ಟಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿತೇ! ಇಲ್ಲಿ ಅಡ್ಡ ನಿಂತವಳು ಸುಮನಾಳ ಅತ್ತೆ ಬಸವಲಿಂಗಮ್ಮ.

"ನಮ್ಮನೇಲಿ ಬಸುರಿ ಅವ್ಳೆ ಕಣಮ್ಮ," ಎಂದಳು, ಕಾಗದ ಹಿಡಿದು ಬಂದ ಇಂಜಿನಿಯರ್ ಬಿಂದುಶ್ರೀಗೆ. "ಬಸುರಿ ಇರೋ ಮನೇಲಿ ಒಂದು ಮೊಳೇನೂ ಹೊಡಿಯಂಗಿಲ್ಲ. ನೀವು ತೊಲೇನೇ ಕೀಳ್ತೀನಿ ಅಂತೀರಲ್ಲ!"

"ಅಮ್ಮ, ತೊಲೆ ಮುರಿದ್ರೆ ಬೀಳೋದು ಆ ಬಸುರಿ ಮೇಲೇ."

"ಇಷ್ಟು ವರ್ಷ ಬಿದ್ದಿಲ್ಲ, ಬುಡಿ."

"ಹಂಗಾದ್ರೆ ಇವರನ್ನ ತವರಿಗೆ ಕಳಿಸಿ."

"ಅಮೃತೂರಲ್ಲಿದ್ರೂ ಅವಳು ನಮ್ಮನೆ ಬಸುರೀನೇ. ಹೆರಿಗೆ ಆಗ್ಲಿ, ಆಮೇಲೆ ಬನ್ನಿ."

ಬಿಂದುಶ್ರೀ ಫೈಲು ತಿರುವಿದಳು. "ಹೋದ ವರ್ಷ ಎರಡನೇ ಮನೇಲಿ ಬಸುರಿ ಅಂತ ನಿಲ್ಲಿಸಿದ್ರಿ. ಅದರ ಹಿಂದಿನ ವರ್ಷ ಎಂಟನೇ ಮನೆ. ಹತ್ತು ಸಂಸಾರ ಇರೋ ಸಾಲಲ್ಲಿ ಯಾವಾಗ್ಲೂ ಯಾರೋ ಒಬ್ರು ಬಸುರಿ ಇರ್ತಾರಮ್ಮ. ಈ ಮಾಡು ರಿಪೇರಿ ಆಗೋದು ಯಾವತ್ತು? ಸೋಮವಾರದೊಳಗೆ ಸಹಿ ಆಗ್ಲಿಲ್ಲ ಅಂದ್ರೆ ನಿಮ್ಮ ಸಾಲು ಪಟ್ಟಿಯಿಂದ ಹೋಗುತ್ತೆ."

ಸುಮನಾ ಗಂಡನ ಮುಖ ನೋಡಿದಳು. ನೂರು ಕಾಯಿಯ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಓಡುವ ಗಂಡಸು, ತಾಯಿಯ ಒಂದು ಮಾತನ್ನು ಎತ್ತಿ ಪಕ್ಕಕ್ಕಿಡಲಾರ. "ಅಮ್ಮ ಹೇಳಿದ್ಮೇಲೆ ಮುಗೀತು ಕಣೇ," ಎಂದು ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೊರಟುಹೋದ.

ಶನಿವಾರ ಮಧ್ಯಾಹ್ನ ಪಕ್ಕದ ಮನೆಯಲ್ಲಿ ಧಡ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಆ ಮನೆಯ ರೇವಮ್ಮ ಮುರಿದ ಜಂತೆಯ ಕೆಳಗೆ, ಹೆಂಚಿನ ಚೂರುಗಳ ನಡುವೆ ಬಿದ್ದಿದ್ದಾಳೆ. ಭುಜದ ಮೂಳೆ ಮುರಿದಿತ್ತು. ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ತುಮಕೂರಿಗೆ ಒಯ್ದರು.

ಅತ್ತೆ ಇನ್ನಾದರೂ ಬದಲಾದಾಳೇ? ಶಿವ ಶಿವಾ! "ನೋಡಿದ್ಯಾ? ಆ ಇಂಜಿನಿಯರಮ್ಮ ಟೇಪು ಹಿಡಿದು ಅಳತೆ ಮಾಡಿದ್ದಕ್ಕೇ ಹಿಂಗಾಯ್ತು. ಇನ್ನು ಕಿತ್ತಿದ್ರೆ ಏನಾಗ್ತಿತ್ತೋ!"

"ಅತ್ತೆ, ಅಳತೆ ಮಾಡಿದ್ರೆ ಜಂತೆ ಬೀಳ್ತದಾ?"

"ನಿಂಗೇನ್ ಗೊತ್ತೇ? ನಮ್ಮೂರು ಕೋರದಲ್ಲಿ, ನಾನು ಬಸುರಿ ಇದ್ದಾಗ, ನಮ್ಮ ಮಾವ ಕಿಟಕಿ ಇಡ್ಸೋಕೆ ಗೋಡೆ ಒಡೆಸಿದ್ರು. ನನ್ನ ಮೊದಲ್ನೇ ಕೂಸು ಹೊಟ್ಟೇಲೇ ಹೋಯ್ತು. ಕಳ್ಕೊಂಡವಳು ನಾನು ಕಣೇ, ನೀನಲ್ಲ."

ಸುಮನಾಳಿಗೆ ಅಯ್ಯೋ ಎನಿಸಿತು. ಆದರೂ ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳಲಿಲ್ಲ. "ಎರಡು ದಿನ ನೋವು ತಿಂದೆ, ಒಬ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ ಅಂತ ನೀವೇ ಹೇಳಿದ್ರಲ್ಲ ಅತ್ತೆ. ಕೂಸನ್ನ ಕಿಟಕಿ ಕೊಲ್ತಾ? ಕೊರಳಲ್ಲಿ ಲಿಂಗ ಕಟ್ಕೊಂಡಿರೋರು ನಾವು, ಮೊಳೆಗೆ ಹೆದರ್ಬೇಕಾ?"

"ಬಾಯ್ಮುಚ್ಚು!" ಎಂದ ಬಸವಲಿಂಗಮ್ಮ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಆ ಹೊತ್ತಿನ ಊಟಕ್ಕೂ ಏಳಲಿಲ್ಲ.

ಸೋಮವಾರ ಸುಮನಾ ಯಾರನ್ನೂ ಕೇಳದೆ ಪಂಚಾಯಿತಿ ಕಚೇರಿಗೆ ನಡೆದುಹೋಗಿ ಸಹಿ ಹಾಕಿ ಬಂದಳು. ಗುರುವಾರ ಅತ್ತೆ ಗೊಣಗುತ್ತಿದ್ದಂತೆಯೇ ಪಾತ್ರೆ ಪಡಗ, ಹಾಸಿಗೆ ಎಲ್ಲ ಸಮುದಾಯ ಭವನ ಸೇರಿದವು. ಮೇಸ್ತ್ರಿ ಬೆಟ್ಟಯ್ಯ ಆಳುಗಳ ಜೊತೆ ಬಂದು ಸಾಲಿನಲ್ಲಿ ಆರನೆಯದಾದ ಸುಮನಾಳ ಮನೆಯ ಮುಂದೆ ನಿಂತ. ಅವಳ ಹೊಟ್ಟೆ ಕಂಡದ್ದೇ ತಡ, ಸುತ್ತಿಗೆ ಕೆಳಗಿಟ್ಟ.

"ತಪ್ಪು ತಿಳೀಬೇಡಿ ತಾಯಿ. ನಾನೂ ಹೆಂಡ್ತಿ ಮಕ್ಕಳಿರೋನು. ಬಸುರಿ ಮನೆಗೆ ಮೊದಲ ಏಟು ನಾನ್ ಹಾಕಲ್ಲ."

"ನಾನ್ ಹೇಳ್ಲಿಲ್ವಾ?" ಎಂದಳು ಬಸವಲಿಂಗಮ್ಮ, ಬೀದಿಗೆಲ್ಲ ಕೇಳುವಂತೆ. ಬಿಂದುಶ್ರೀ ಎಷ್ಟು ಹೇಳಿದರೂ ಬೆಟ್ಟಯ್ಯ ನೆಲ ನೋಡುತ್ತ ನಿಂತನೇ ಹೊರತು ಸುತ್ತಿಗೆ ಮುಟ್ಟಲಿಲ್ಲ. ಆಳುಗಳೂ ಅಷ್ಟೇ.

ಸುಮನಾ ಸುತ್ತಿಗೆ ಎತ್ತಿಕೊಂಡಳು. ಭಯವಿರಲಿಲ್ಲವೆಂದಲ್ಲ, ಇತ್ತು. ನಾಳೆ ಮಗುವಿಗೆ ನೆಗಡಿಯಾದರೂ ಈ ಸುತ್ತಿಗೆಯ ಹೆಸರೇ ಬರುತ್ತದೆ, ಜನ್ಮವಿಡೀ ಇದೇ ಮಾತು ಕೇಳಬೇಕೆಂದು ಅವಳಿಗೆ ಗೊತ್ತಿತ್ತು. "ಪಾಪ ಬಂದ್ರೆ ನಂಗೇ ಬರ್ಲಿ," ಎಂದು ಬಾಗಿಲ ಪಕ್ಕದ ಸವೆದ ಗೋಡೆಗೆ ಒಂದು ಬಿಟ್ಟಳು. ಗಾರೆ ಜರ್ರನೆ ಇಳಿಯಿತು. ಇನ್ನೊಂದು ಬಿಟ್ಟಳು.

ಒಂಬತ್ತನೇ ಮನೆಯ ಸೊಸೆ ಗಂಗಾಂಬಿಕೆ ಗುಂಪಿನಿಂದ ಈಚೆ ಬಂದಳು. ಮದುವೆಯಾಗಿ ವರ್ಷ ತುಂಬದ ಹುಡುಗಿ. "ಅಕ್ಕ, ಇಲ್ಲಿ ಕೊಡಿ," ಎಂದು ಕೈ ಚಾಚಿದಳು. "ನಂಗೂ ನಾಲ್ಕು ತಿಂಗಳು."

ಅವಳ ಅತ್ತೆ ಹೌಹಾರಿದಳು. "ಏನೇ ಅದು? ನಮಗೇ ಹೇಳಿಲ್ವಲ್ಲೇ!"

"ಹೇಳಿದ್ರೆ ನೀವೂ ಕೆಲಸ ನಿಲ್ಲಿಸ್ತಿದ್ರಿ. ಅದಕ್ಕೇ ಮುಚ್ಚಿಟ್ಟೆ. ತಾಯಿ ಕಾರ್ಡೂ ಮಾಡಿಸಿಲ್ಲ, ಒಂದು ಮಾತ್ರೇನೂ ನುಂಗಿಲ್ಲ." ಹುಡುಗಿ ಸುಮನಾಳ ಕಡೆ ತಿರುಗಿದಳು. "ಮೂರು ದಿನದಿಂದ ಕೆಳಹೊಟ್ಟೆ ನೋಯ್ತಿದೆ ಅಕ್ಕ. ಯಾರಿಗೆ ಹೇಳ್ಲಿ?"

ಬಸವಲಿಂಗಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಗಂಗಾಂಬಿಕೆಯ ರಟ್ಟೆ ಹಿಡಿದುಕೊಂಡು, ಅವಳ ಮುಖವನ್ನೇ ನೋಡುತ್ತ ನಿಂತವಳು ಇದ್ದಕ್ಕಿದ್ದಂತೆ ಮಗನ ಮೇಲೆ ಹರಿಹಾಯ್ದಳು.

"ಏನ್ಲಾ ನೋಡ್ತಾ ನಿಂತಿದ್ದೀಯ? ಆಟೋ ಕರ್ಕೊಂಡು ಬಾ! ಮೂರು ದಿನ ಅಂತೆ ಕಣೋ, ಮೂರು ದಿನ! ಈ ಕೂಸನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರೂ ಇಲ್ವೇನ್ಲಾ?"

ಉದಯಕುಮಾರ ಓಡಿದ. ಬೆಟ್ಟಯ್ಯ ಬಂದು ಸುಮನಾಳ ಕೈಯಿಂದ ಸುತ್ತಿಗೆ ತೆಗೆದುಕೊಂಡ. "ಸರೀರಿ ತಾಯಿ, ಧೂಳು ಬೀಳ್ತದೆ," ಎಂದು ಗೋಡೆಯತ್ತ ತಿರುಗಿದ.