ಹಳ್ಳದ ಉಣ್ಣೆ

ಗೊಬ್ಬೂರಿನ ನಿಂಬೆವ್ವನ ಮಗಳು ಶಿವಗಂಗಾಳ ಮದುವೆಗೆ ಒಂದೇ ದಿನ ಉಳಿದಿತ್ತು. ನಿಂಬೆವ್ವನ ತಮ್ಮ ಮಲ್ಕಪ್ಪ ಮಣ್ಣೂರಿನಿಂದ ಬಂದವನೇ ಬಗಲಿನ ಗಂಟು ಬಿಚ್ಚಿ, ಹೊಸ ಕರಿಕಂಬಳಿಯನ್ನೂ ಒಂದು ಲಡಿ ನೂಲನ್ನೂ ಅಕ್ಕನ ಮುಂದೆ ಇಟ್ಟ. ಕಂಬಳಿ ಮನೆದೇವರು ಬೀರಪ್ಪನ ಗದ್ದುಗೆಗೆ, ನೂಲು ಮದುಮಗಳ ಕಂಕಣಕ್ಕೆ. ಅವರು ಉಣ್ಣೆಕಂಕಣದ ಕುರುಬರು. ಆ ಮನೆತನದಲ್ಲಿ ಇವೆರಡೂ ಸೋದರಮಾವನ ಕೈಯಿಂದಲೇ ಬರಬೇಕು. ಮುಂಗೈಗೆ ಉಣ್ಣೆಯ ದಾರ ಬೀಳದೆ ತಲೆಯ ಮೇಲೆ ಅಕ್ಕಿಕಾಳು ಬೀಳುವಂತಿಲ್ಲ.

"ಆಳಂದ ಬಜಾರದಾಗ ತಂದೀನಿ ಅಕ್ಕಾ. ಕೈ ಇಟ್ಟು ನೋಡು, ಬೆಣ್ಣಿ ಇದ್ದಂಗ ಅದ."

ನಿಂಬೆವ್ವ ಕೈ ಇಟ್ಟಳು. ಕಂಬಳಿ ಅಂದರೆ ಅಂಗೈಗೆ ಚುಚ್ಚಬೇಕು, ಹುಣಸೆಬೀಜದ ಗಂಜಿ ಕುಡಿದು ಬಿರುಸಾಗಿರಬೇಕು. ಇದು ಜಾರಿತು. ಅವಳು ಅಂಚಿನಿಂದ ಒಂದು ಎಳೆ ಕಿತ್ತು ದೇವರ ಜಗಲಿಯ ದೀಪಕ್ಕೆ ಹಿಡಿದಳು.

"ಏ, ಏನ್ ಮಾಡಾಕತ್ತಿ? ಮದಿವಿ ಮನ್ಯಾಗ ಕಂಬಳಿ ಸುಡೋರ್ನ ಇವತ್ತೇ ನೋಡ್ದೆ!"

ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯಾಗಿ ಉದುರುತ್ತದೆ. ಇದು ಕರಗಿತು. ಕರಿ ಹನಿಯೊಂದು ಅವಳ ಹೆಬ್ಬೆರಳಿಗೆ ಅಂಟಿ ಚುರುಗುಟ್ಟಿತು. ಟೈರು ಸುಟ್ಟ ನಾತ ದೇವರ ಮುಂದೆಯೇ ಎದ್ದಿತು. ಲಡಿಯ ನೂಲೂ ಹಾಗೆಯೇ ಕರಗಿತು.

"ಪ್ಲಾಸ್ಟಿಕ್ ತಂದೀಯಲ್ಲೋ ಮಲ್ಕ್ಯಾ!"

"ಅಂಗಡಿಯಂವ ಅಸಲಿ ಮಾಲ್ ಅಂದ. ಬೀಗರೇನು ಸುಟ್ಟು ನೋಡ್ತಾರಾ?"

"ಬೀಗರಿಗಲ್ಲೋ ಭಾಡ್ಯಾ, ದೇವರಿಗಿ."

ಮಲ್ಕಪ್ಪ ಮೋರೆ ಸಣ್ಣದು ಮಾಡಿಕೊಂಡು ನಾಲ್ಕು ಕಡೆ ಫೋನು ಹಚ್ಚಿದ. ಜೇವರ್ಗಿಯ ನೆಂಟರ ಮನೆಯಲ್ಲಿ ಇದ್ದದ್ದೂ ಬಜಾರದ್ದೇ. ಹವಳಗಾದಲ್ಲಿ ಒಂದು ಅಸಲಿ ಕಂಬಳಿ ಇತ್ತು, ಆದರೆ ಅದನ್ನು ಕಬ್ಬಿನ ಟ್ರ್ಯಾಕ್ಟರಿನ ಇಂಜಿನಿಗೆ ಹೊದಿಸಿದ್ದರು. "ಡೀಸೆಲ್ ಕುಡದು ಕುಡದು ಬೀಡಿ ಹಚ್ಚಿದ್ರ ಭುಗ್ ಅಂತದ, ಕಳಿಸ್ಲೇನು?" ಎಂದು ಅವರು ನಕ್ಕರು.

ನಿಂಬೆವ್ವನ ಅತ್ತೆಯ ಕಾಲದಲ್ಲಿ ಕುರಿಯ ಉಣ್ಣೆ ಕತ್ತರಿಸುವ ದಿನ ಜೇವರ್ಗಿ ಕಡೆಯ ನೇಕಾರರು ಅಂಗಳದಲ್ಲೇ ಬಂದು ಕೂಡುತ್ತಿದ್ದರಂತೆ. ಆಮೇಲಾಮೇಲೆ ಕತ್ತರಿ ಹಿಡಿದವನೇ ಕೂಲಿಗೆ ಬದಲು ಉಣ್ಣೆ ಒಯ್ಯತೊಡಗಿದ. ಮುಂದೆ ಅವನೂ "ಉಣ್ಣಿ ನೀವೇ ಇಟ್ಕೋರಿ, ಕೂಲಿ ಕೊಡ್ರಿ" ಅಂದ. ಮನೆಮನೆಗೆ ಹುಲಿಯ ಚಿತ್ರದ ಮೆತ್ತನೆಯ ಚಾದರಗಳು ಬಂದವು. ಕೊನೆಗೆ ಊರಿಗೆ ಊರೇ ಕರಿಕುರಿ ಮಾರಿ, ಮಾಂಸ ಬಹಳ ಹೊರುವ, ಮೈಮೇಲೆ ಉಣ್ಣೆಯೇ ಇಲ್ಲದ ಎತ್ತರದ ಕುರಿ ಕಟ್ಟಿತು. ನಿಂಬೆವ್ವನೂ ಕಟ್ಟಿದಳು. ಹೊಟ್ಟೆ ಕೇಳಿದ್ದಕ್ಕೆ ಎಲ್ಲರೂ ಹೂಂ ಅಂದರು. ದೇವರು ಏನು ಕೇಳಿದ ಎಂದು ಯಾರೂ ಕಿವಿಗೊಡಲಿಲ್ಲ.

ಬೇಡವಾದ ಆ ಉಣ್ಣೆ ಎಲ್ಲಿ ಹೋಯಿತೆಂಬುದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಕುಡುಗೋಲು ಹಿಡಿದು ಊರ ಹೊರಗಿನ ಹಳ್ಳಕ್ಕೆ ನಡೆದಳು.

ಹಳ್ಳದಲ್ಲಿ ನೀರು ಹಸಿರು ಕಟ್ಟಿ ನಿಂತಿತ್ತು. ಕೋಳಿಯ ಕರುಳು, ಕೂಸುಗಳ ಹೇಸಿಗೆ ತುಂಬಿದ ಡೈಪರು, ಸೆರೆಯ ಪಾಕೀಟು. ಉಬ್ಬಿದ ನಾಯಿಯ ಹೆಣವೊಂದು. ಅದರಡಿಯಲ್ಲಿ ಗೊಬ್ಬರದ ಚೀಲಗಳು. ಮೂಗಿಗೆ ಸೆರಗು ಒತ್ತಿಕೊಂಡು ಅವಳು ಒಂದು ಚೀಲ ಎಳೆದಳು. ಬಾಯಿಕಟ್ಟನ್ನು ನೋಡಿದಳು. ಒಳಗಿಂದ ಹೊರಳಿಸಿ ಎರಡು ಸುತ್ತು ಬಿಗಿದ ಗಂಟು, ಅವಳದೇ. ನಾಲ್ಕು ವರ್ಷದ ಹಿಂದೆ ತಾನೇ ತಲೆಯ ಮೇಲೆ ಹೊತ್ತು ತಂದು ಕಾಲಿನಿಂದ ಒದ್ದು ಉರುಳಿಸಿದ್ದಳು. ಥೂ ಎಂದು ಉಗುಳಿದಳು. ನಾಯಿಗಲ್ಲ, ಹೇಸಿಗೆಗಲ್ಲ. ಆ ಗಂಟಿಗೆ.

ಚೀಲ ಕೊಯ್ದಳು. ಮೇಲಿನ ಉಣ್ಣೆ ಲೋಳೆಯಾಗಿ, ಬಿಳಿ ಹುಳ ಗಿಜಿಗುಡುತ್ತಿತ್ತು. ಮೊಣಕೈ ಮಟ ಕೈ ಹಾಕಿ ನಡುವಿನಿಂದ ಒಂದು ಹಿಡಿ ಕಿತ್ತಳು. ಕರಿಯದಾಗಿ, ಗಟ್ಟಿಯಾಗಿ ಹಾಗೇ ಇತ್ತು, ಕುರಿಮೈಯ ಜಿಡ್ಡೂ ಆರಿರಲಿಲ್ಲ.

ಅಂಟವಾಳದ ನೊರೆಯಲ್ಲಿ ಏಳು ನೀರು ಹಾಕಿ ತೊಳೆದಳು. ತಕಲಿಗೆ ಕೊಟ್ಟು ನೂತಾಗ ಕಂಕಣಕ್ಕಾಗುವಷ್ಟು ದಾರವಾಯಿತು. ನಾತ ಮಾತ್ರ ಹೋಗಲಿಲ್ಲ.

ಅರಿಶಿಣ ಹಚ್ಚಿಕೊಂಡು ಕೂತಿದ್ದ ಶಿವಗಂಗಾ ಮೂಗು ಮುಚ್ಚಿಕೊಂಡಳು. "ಯವ್ವಾ, ನಿನ್ನ ಕಾಲು ಬೀಳ್ತೇನಿ, ಇದನ್ನ ನನ್ನ ಕೈಗಿ ಕಟ್ಟಬ್ಯಾಡ. ಈ ಕೈಲೇ ನಾ ಉಣಬೇಕು."

"ಪ್ಲಾಸ್ಟಿಕ್ ಕಟ್ಕೊಂಡು ಬೀರಪ್ಪನ ಮುಂದ ಕೂಡ್ತೀ ಏನ್ ಬೇ?"

ಜಗಳ ಬಗೆಹರಿಸಲು ಪೂಜಾರಿ ರೇವಣಪ್ಪನನ್ನು ಕರೆಸಿದರು. ಸೋದರಮಾವನ ಕೈಯಿಂದಲೇ ಬರಲೆಂದು ಎರಡೂ ದಾರಗಳನ್ನು ಮಲ್ಕಪ್ಪನೇ ತಂದು ಕೊಟ್ಟ. ಆತ ಅವನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಹೊಸೆದು ನೋಡಿದ.

"ಉಣ್ಣಿಗಿ ಮೈಲಿಗಿ ಇಲ್ಲವ್ವ, ಹಿರ್ಯಾರು ಹೇಳ್ಯಾರ," ಅಂದ. ಆಮೇಲೆ ತಲೆ ಎತ್ತದೆ, "ಐದು ವರ್ಷ ಆತು, ನಾ ಅಂಗಡಿ ದಾರಾನೇ ಕಟ್ಟಾಕತ್ತೀನಿ. ಕೈಗಿ ತಿಳೀತದ, ಇದು ಅಲ್ಲ ಅಂತ. ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ" ಅಂದ.

ನಿಂಬೆವ್ವ ಅವನನ್ನು ನೋಡಿದಳು. ದೇವರ ಮುಂದೆ ಭಂಡಾರದ ಅರಿಶಿಣಪುಡಿ ಎರಚುವ ಕೈ ಅದು. ಅವಳಿಗೆ ಥೂ ಅನ್ನಬೇಕೆನಿಸಿತು. ಚೀಲದ ಗಂಟು ನೆನಪಾಗಿ ನುಂಗಿಕೊಂಡಳು.

ಶಿವಗಂಗಾ ಪೂಜಾರಿಯ ಅಂಗೈಯನ್ನೇ ನೋಡುತ್ತಿದ್ದವಳು, "ಐದು ವರ್ಷದಾಗ ಮದಿವ್ಯಾದೋರಿಗೆಲ್ಲ ಇದನ್ನೇ ಕಟ್ಟೀರೇನ್ರಿ ಮುತ್ಯಾ?" ಅಂದಳು.

"ಹೌದವ್ವ."

"ಹಂಗಾದ್ರ ನನಗ ಹಳ್ಳದ್ದೇ ಕಟ್ರಿ," ಎಂದು ಮುಖ ಆಚೆ ತಿರುಗಿಸಿ ಕೈ ಚಾಚಿದಳು. "ಲಗೂ ಕಟ್ರಿ ಮತ್ತ, ನನಗ ವಾಕರಿಕಿ ಬರಾಕತ್ತದ."

ಮರುದಿನ ಮಲ್ಕಪ್ಪನ ಕಂಬಳಿಯನ್ನು ರೇವಣಪ್ಪ ಮುಟ್ಟಲಿಲ್ಲ. ಸಗಣಿ ಸಾರಿಸಿದ ಬರಿನೆಲದ ಮೇಲೆಯೇ ಗದ್ದುಗೆ ಬರೆದು ದೀಪ ಇಟ್ಟ. ಸೆಕೆಗೆ ಬೆವರು ಇಳಿದು ಶಿವಗಂಗಾಳ ಕಂಕಣ ಒದ್ದೆಯಾಯಿತು. ನಾತ ಚಪ್ಪರದಲ್ಲಿ ಹರಡಿತು.

ವರನ ತಾಯಿ ಸೆರಗು ಮೂಗಿಗೆ ಒಯ್ದಳು. "ಏನ್ರಿ ಬೀಗತಿ, ಇಲಿ ಸತ್ತಂಗ ನಾತ ಹೊಡಿಯಾಕತ್ತದ!"

"ಹೌದ್ರಿ, ಈ ಕಂಕಣದ್ದೇ. ಕುರಿ ಉಣ್ಣಿ ನಾನೇ ಹಳ್ಳಕ್ಕ ಒಗದಿದ್ದೆ, ನಾನೇ ತಂದೀನಿ," ಅಂದಳು ನಿಂಬೆವ್ವ.

"ಶೀ! ಹಳ್ಳದ ಹೊಲಸು ಮದುಮಗಳ ಕೈಗೇನ್ರಿ? ನಮ್ಮ ಹುಡುಗನ ಕೈ ನೋಡ್ರಿ, ಎಷ್ಟು ಸ್ವಚ್ಛಂದು ಕಟ್ಟೀವಿ."

ನಿಂಬೆವ್ವ ನೋಡಿದಳು. ವರನ ಮುಂಗೈಯಲ್ಲಿ ಕರಿ ದಾರ ಎಣ್ಣೆ ಸವರಿದಂತೆ ಮಿಂಚುತ್ತಿತ್ತು. ಅವಳು ಬಗ್ಗಿ ಮೂಸಿದಳು. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ.